ಬರುವಾಗ ಎಂತ ತರುತ್ತದೆ?

ಡೆನ್ಜಿಲ್ ಸಲ್ದಾನ ಮೇಜಿನ ಮೇಲೆ ಹಡಗು ಬಿಡಿಸಿಟ್ಟ.
ಹದಿನಾರು ಪುಟ, ನುಣ್ಣನೆ ಹಾಳೆ,
ನೂರೈವತ್ತು ಮೀಟರು ಉದ್ದ,
ಎರಡು ಕ್ರೇನು, ಒಂದೊಂದಕ್ಕೂ ನಾನೂರು ಟನ್ನಿನ ತೋಳು.
"ಎಂಟನೇ ಒಂದು ಪಾಲು ನಿಮಗೆ, ಮೈಮೂನಾ ಮೇಡಂ.
ಗಾಳಿಯಂತ್ರದ ರೆಕ್ಕೆ, ರಿಫೈನರಿಯ ಗೋಪುರ,
ಮಾಮೂಲಿ ಹಡಗಿಗೆ ಇವೆಲ್ಲ ಹಿಡಿಸುವುದಿಲ್ಲ.
ಇನ್ನು ಇಪ್ಪತ್ತು ವರ್ಷ ಇದರದ್ದೇ ಕಾಲ."

ಬಂದರಿನ ನಮ್ಮ ಆಫೀಸಿಗೆ ಒಂದೇ ಕಿಟಕಿ.
ಕಿಟಕಿಯ ತುಂಬ ನಮ್ಮ ಮಂಜಿ, ನೂರುಲ್ ಬಹರ್:
ಈರುಳ್ಳಿ, ಜಲ್ಲಿ, ಸಿಮೆಂಟು, ಮೂವತ್ತು ಆಡು,
ಯಾರದೋ ಮದುವೆಗೊಂದು ಬೀಟೆಮರದ ಕಪಾಟು.
ಆಂದ್ರೋತಿಗೆ ಈ ಸಾಲಿನ ಕೊನೆಯ ಸವಾರಿ.
ಆಡುಗಳು ಹಲಗೆ ಹತ್ತಲು ಒಪ್ಪುತ್ತಿಲ್ಲ.

ಅಜ್ಜ ಇದಿನಬ್ಬನ ವ್ಯಾಪಾರವೆಲ್ಲ ಒಂದು ಪ್ರಶ್ನೆ:
ಹೋಗುವಾಗ ತುಂಬಿಸಲು ಯಾರಿಗೂ ಗೊತ್ತುಂಟು,
ಬರುವಾಗ ಎಂತ ತರುತ್ತದೆ?
ಕೊಪ್ಪರ, ಮಾಸು, ನಾರಿನ ಹುರಿ.
ಏನೂ ಸಿಗದ ಒಂದು ವರ್ಷ
ಅಳಿಯನ ಹೊಸ ಬೀಗರನ್ನೆಲ್ಲ
ಊಟಕ್ಕೆಂದು ತುಂಬಿಸಿಕೊಂಡು ಬಂದ,
ಬಾಡಿಗೆ ತೆಗೆದುಕೊಂಡನೋ ಏನೋ.

ಕೇಳಿದೆ. ಡೆನ್ಜಿಲ್ ಚಾ ಕಲಕಿದ, ಸಕ್ಕರೆ ಹಾಕದ ಚಾ.
"ಇಂಥ ಹಡಗು ಹೆಚ್ಚಾಗಿ ಬರಿದೇ ಬರುವುದು ಮೇಡಂ.
ಹೋಗುವ ಬಾಡಿಗೆಯಲ್ಲೇ ಬರುವ ದಾರಿಯೂ ಸೇರಿಸಿರುತ್ತೇವೆ."
ಬರಿದನ್ನೂ ಮಾರುತ್ತಾರೆ!
ಅಜ್ಜ ಇದ್ದಿದ್ದರೆ
ಟೊಪ್ಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ.

ಲೆಕ್ಕದ ವಾಮನ ಪ್ರಭುಗಳು ಮೂರು ರಾತ್ರಿ ಕೂತರು.
ಒಳ್ಳೆಯ ವರ್ಷಕ್ಕೆ ಒಂದು ಕಾಲಮು, ಕೆಟ್ಟದಕ್ಕೆ ಎರಡು.
"ಎಲ್ಲರೂ ಒಟ್ಟಿಗೆ ಇದೇ ಹಾಳೆ ನೋಡಿದರೆ
ಎಲ್ಲರೂ ಒಟ್ಟಿಗೆ ಹಡಗು ಕಟ್ಟಿಸುತ್ತಾರೆ.
ಆಮೇಲೆ ತೋಳು ಜಾಸ್ತಿ, ಭಾರ ಕಮ್ಮಿ."
ಕನ್ನಡಕ ಒರೆಸಿ, "ಆದರೂ..." ಎಂದರು.
ಮೂವತ್ತೊಂದು ವರ್ಷದಲ್ಲಿ ಅವರ ಬಾಯಿಂದ
ಆ ಶಬ್ದ ಎರಡನೇ ಸಲ.
ಮೊದಲ ಸಲ, ಈ ಕುರ್ಚಿಯಲ್ಲಿ ನಾನು ಕೂರುವಾಗ.

ಪಣಂಬೂರಿಗೆ ಅಂಥದ್ದೇ ಒಂದು ಬಂದ ರಾತ್ರಿ
ಪಾಸು ಮಾಡಿಸಿ ಹತ್ತಿದೆ.
ದಕ್ಕೆಯಲ್ಲಿ ಟ್ರಾನ್ಸ್‌ಫಾರ್ಮರು, ನಮ್ಮ ಆಫೀಸಿಗಿಂತ ದೊಡ್ಡದು,
ನೀಲಿ ಟರ್ಪಾಲು ಹೊದ್ದು
ಜ್ವರ ಬಂದವರ ಹಾಗೆ ಕೂತಿತ್ತು.
ಎತ್ತುವುದಕ್ಕೆ ಮೊದಲೇ ಹಡಗಿನ ಹೊಟ್ಟೆಯಲ್ಲಿ ಗೊರಗೊರ:
ಈ ಕಡೆಯ ನೀರನ್ನು ಪಂಪು ಆ ಕಡೆಗೆ ಒಯ್ಯುತ್ತಿತ್ತು.
ಇನ್ನೂ ಬಾರದ ಭಾರಕ್ಕೆ
ಈಗಲೇ ಎದುರು ವಾಲಿ ನಿಲ್ಲುವುದು!
ಹದಿನಾರು ಪುಟದಲ್ಲಿ ಎಲ್ಲಿಯೂ ಇದನ್ನು ಬರೆದಿರಲಿಲ್ಲ.

ಕಬ್ಬಿಣದ ಪೆಟ್ಟಿಗೆಯ ಮೇಲೆ ಯಾರೋ ಖಲಾಸಿಯ ಗ್ಲಾಸು,
ಚಾ ಒಂದು ಬದಿಗೆ ಏರಿ, ಅಂಚು ನೆಕ್ಕುತ್ತಿತ್ತು.
ತಂತಿಗಳು ಬಿಗಿದವು.
ಕೀ ಎಂದದ್ದು ಕೊಕ್ಕೆಯೋ ಕಡಲಕಾಗೆಯೋ.
ಚಾ ಇಳಿಯಿತು, ಇಳಿಯಿತು,
ಸಮ.
ಟ್ರಾನ್ಸ್‌ಫಾರ್ಮರಿನ ಅಡಿಯಲ್ಲಿ ಆ ಬದಿಯ ದೀಪ ಕಂಡಿತು.
ಅವನು ಬಂದು ಗ್ಲಾಸು ಎತ್ತಿ ಕುಡಿದ.
ನನ್ನ ಮೊಣಕಾಲು ನಡುಗುತ್ತಿತ್ತು,
ಹೆದರಿಕೆ ಎಂದುಕೊಂಡೆ, ಕೂಳೂರು ಸೇತುವೆಯವರೆಗೆ.

ಬೆಳಿಗ್ಗೆ ಒಪ್ಪಂದ ತೆರೆದೆ.
ಮೂರನೇ ಕಲಮು, ಅಡಮಾನ:
ನೂರುಲ್ ಬಹರ್, ಯಂತ್ರ, ಲಂಗರು, ಹಗ್ಗ ಸಹಿತ.
ಹಗ್ಗ ಸಹಿತ!
ಗೆರೆ ಎಳೆದೆ.
ಎಂಟನ್ನು ಹದಿನಾರು ಮಾಡಿದೆ. ಸಹಿ ಹಾಕಿದೆ.
"ಇಷ್ಟು ಸಣ್ಣ ಪಾಲಿಗೆ ಅವರು ಒಪ್ಪಲಿಕ್ಕಿಲ್ಲ."
"ಒಪ್ಪದಿದ್ದರೆ ಬೇಡ ಪ್ರಭುಗಳೇ," ಎಂದೆ, ಜೋರಾಗಿ.
ಆಮೇಲೆ ಐದು ನಿಮಿಷಕ್ಕೊಮ್ಮೆ ಫೋನು ನೋಡಿದೆ.

ಡೆನ್ಜಿಲನ ಉತ್ತರ ಬಂದಿಲ್ಲ.
ಬಂದದ್ದು ಮಂಜಿ,
ಕಡಲು ಮುಚ್ಚಲು ಎರಡು ದಿನ ಇರುವಾಗ, ಅಳಿವೆ ದಾಟಿ.
ಕೊಪ್ಪರದ ಮೂಟೆಗಳ ನಡುವೆ
ಹಗ್ಗ ಬಿಗಿದುಕೊಂಡು ನಿಂತಿದೆ ಆ ಕಪಾಟು.
"ಮದುಮಗಳ ಮನೆಯ ಬಾಗಿಲಿಗೆ ಹಿಡಿಸಲಿಲ್ಲವಂತೆ,"
ಎಂದ ತಂಡೇಲ ಪುತ್ತುಮೋನು, ಲುಂಗಿ ಕೊಡವುತ್ತ.

ಪ್ರಭುಗಳು ಪುಸ್ತಕ ತೆರೆದು ಕಾಯುತ್ತಿದ್ದಾರೆ:
ಇದರ ಬಾಡಿಗೆ
ಯಾರ ಲೆಕ್ಕಕ್ಕೆ?